ಬಿಜಾಗರಿಯೊಳಗಿನ ರವದಿ

ಸೂಜಿಯ ತುದಿಗೆ ಒಂದೆಳೆ ಹತ್ತಿ ಸುತ್ತಿ, ಪೆಟ್ರೋಲಿನಲ್ಲಿ ಅದ್ದಿ, ಲೈಟರಿನ ಬಿಜಾಗರಿಯೊಳಗಿನ ಮಸಿ ತೆಗೆಯುತ್ತಿದ್ದೆ. ಮುಚ್ಚಳವನ್ನು ಹಿಡಿದಿಡುವ ಆ ಬಿಜಾಗರಿ ಜೋಳದ ಕಾಳಿಗಿಂತ ದೊಡ್ಡದಲ್ಲ. ಗಡಿಯಾರ, ಲೈಟರ್ ರಿಪೇರಿ ಮಾಡುವ ಅಂಗಡಿ ನಮ್ಮದು. ಭೀಮಸಿ ಮಾಮಾ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚಿ ಕುಳಿತಿದ್ದ. ಹೊರಗೆ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಗದ್ದಲ ಇದ್ದೇ ಇತ್ತು. ಅದು ನನಗೆ ಈಗ ಕೇಳುವುದೇ ಇಲ್ಲ.

ಮೂರನೇ ಸಲ ಸೂಜಿ ಹಾಕಿ ತಿರುಗಿಸಿದಾಗ ಮಸಿಯ ಜೊತೆ ಒಂದು ಚೂರು ಹೊರಬಂತು. ಉಗುರಿನ ಅರ್ಧದಷ್ಟು. ಒಂದು ತುದಿ ಸುಟ್ಟು ಕಪ್ಪಾಗಿತ್ತು, ಇನ್ನೊಂದು ತುದಿ ಒಣಹುಲ್ಲಿನ ಬಣ್ಣ. ಎತ್ತಿ ಬೆರಳಿನ ಮೇಲಿಟ್ಟುಕೊಂಡು ಅದರ ಅಂಚನ್ನು ಸವರಿದೆ. ಆ ಕಡೆ ಸವರಿದರೆ ನುಣುಪು, ಈ ಕಡೆ ಸವರಿದರೆ ಗರಗಸದ ಹಲ್ಲು.

ಕಬ್ಬಿನ ಒಣ ಎಲೆ ಅದು. ನಮ್ಮ ಕಡೆ ರವದಿ ಅನ್ನುತ್ತೇವೆ. ಕುರಿಗಳ ಹಿಂದೆ ಕಬ್ಬಿನ ಬದುವಿನಲ್ಲಿ ಓಡಾಡಿ ಬೆಳೆದ ನನ್ನ ಮೊಣಕಾಲು, ಮೊಣಕೈಗಳಿಗೆಲ್ಲ ಆ ಹಲ್ಲಿನ ಗುರುತಿದೆ. ಬೆಳಿಗ್ಗೆ ಈ ಲೈಟರ್ ತಂದುಕೊಟ್ಟವನು ಹೇಳಿದ್ದು ಮಾತ್ರ ಬೇರೆ: ಒಲೆಯೊಳಗೆ ಬಿದ್ದಿತ್ತು ಅಂತ.

ತಂದುಕೊಟ್ಟವನು ದಾದಾಸಾಹೇಬ. ಎದುರಿಗೆ ಬಂದರೆ ನಾನೂ ‘ಸಾಹೇಬ್ರ’ ಅಂತಲೇ ಅನ್ನುತ್ತೇನೆ. ಈ ಕಥೆ ಹೇಳುವಾಗ ಅನ್ನುವುದಿಲ್ಲ.

ಚೂರನ್ನು ಪುಟ್ಟ ಕಾಗದದಲ್ಲಿ ಮಡಿಚಿ, ಲೈಟರಿನ ಕಲ್ಲುಗಳನ್ನು ಇಡುವ ಡಬ್ಬಿಯಲ್ಲಿಟ್ಟೆ. ಮಾಮಾ ತಲೆ ಎತ್ತಲಿಲ್ಲ.

ನಮ್ಮೂರು ಕಬ್ಬೂರಿನ ಹತ್ತಿರ. ಅಲ್ಲಿ ದಾದಾಸಾಹೇಬನಿಗೆ ಕಬ್ಬು ಇದೆ, ಅಥಣಿ ಕಡೆ ದ್ರಾಕ್ಷಿ ಇದೆ. ಸುತ್ತಲಿನ ಹತ್ತು ಊರಿನಲ್ಲಿ ಪೈಪ್ ಸೇದುವವನು ಅವನೊಬ್ಬನೇ. ಕೊಲ್ಹಾಪುರದ ಭಾವ ಕಲಿಸಿದ ಚಟ. ಕುದುರೆಯ ಚಿತ್ರ ಕೊರೆದ ಈ ಪೆಟ್ರೋಲ್ ಲೈಟರನ್ನು ಕೊಟ್ಟವನೂ ಆ ಭಾವನೇ. ದಾದಾಸಾಹೇಬ ಕಟ್ಟೆಯ ಮೇಲೆ ಕುಳಿತು ಪೈಪಿಗೆ ತಂಬಾಕು ತುಂಬುವಾಗ ಊರಿನವರು ಪೂಜೆ ನೋಡುವ ಹಾಗೆ ನೋಡುತ್ತಿದ್ದರು.

ನನ್ನ ಅಪ್ಪ ಮಲಕಾರಿ ಸೇದುತ್ತಿದ್ದದ್ದು ಚಿಲಿಮೆ. ಅದನ್ನು ಯಾರೂ ನೋಡುತ್ತಿರಲಿಲ್ಲ. ಅಪ್ಪನ ಹತ್ತಿರ ಲೈಟರೂ ಇಲ್ಲ, ಕಡ್ಡಿಪೆಟ್ಟಿಗೆಯೂ ಇಲ್ಲ. ಅವನ ಅಜ್ಜನ ಕಾಲದಿಂದ ಬಂದ ಚಕಮಕಿ ಇತ್ತು. ಒಂದು ಬಿಳಿ ಕಲ್ಲು, ಬೆರಳುದ್ದದ ಒಂದು ಉಕ್ಕಿನ ತುಂಡು, ಮೊದಲೇ ಸುಟ್ಟು ಇಟ್ಟುಕೊಂಡ ಅರಳೆ. ಅರಳೆಯನ್ನು ಕಲ್ಲಿಗೆ ಒತ್ತಿ ಹಿಡಿದು ಉಕ್ಕಿನಿಂದ ಕುಟ್ಟಿದರೆ ಕಿಡಿ ಹಾರಿ ಅರಳೆಯಲ್ಲಿ ಕೂರುತ್ತದೆ. ಅರಳೆ ಉರಿಯುವುದಿಲ್ಲ, ಕೆಂಪಗೆ ಕನಲುತ್ತದೆ, ಅಷ್ಟೆ. ಅದನ್ನು ಚಿಲಿಮೆಯ ಬಾಯಿಗಿಟ್ಟು ಎಳೆಯಬೇಕು.

ಶಿವರಾತ್ರಿಯ ಮುಂದಿನ ವಾರ ದಾದಾಸಾಹೇಬನ ಕಬ್ಬಿಗೆ ಬೆಂಕಿ ಹತ್ತಿತು. ಪಕ್ಕದ ಮುರಗೆಪ್ಪನ ಎರಡು ಎಕರೆಯೂ ಹೋಯಿತು. ಅಪ್ಪ ಅಲ್ಲೇ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ. ಎಲ್ಲರಿಗಿಂತ ಮೊದಲು ಓಡಿದವನು ಅವನೇ. ಕಂಬಳಿಯಿಂದ ಬಡಿದ, ಕಂಬಳಿ ಸುಟ್ಟ ಮೇಲೆ ಕೈಯಿಂದ ಬಡಿದ. ಎರಡೂ ಅಂಗೈಯ ಚರ್ಮ ಎದ್ದು ಬಂದಿತ್ತು.

ರವಿವಾರ ಮಲ್ಲಯ್ಯನ ಗುಡಿಯ ಮುಂದೆ ಊರು ಕೂಡಿತು. ದಾದಾಸಾಹೇಬ ಎದ್ದು ನಿಂತು ಹೇಳಿದ: “ನಾ ಕಣ್ಣಾರೆ ನೋಡೇನಿ. ಈ ಮಲಕಾರಿ ಬದುವಿನ್ಯಾಗ ಕುಂತ ಚಕಮಕಿ ಕುಟ್ಟಾಕತ್ತಿದ್ದ. ಕಿಡಿ ಹಾರಿ ರವದಿ ಮ್ಯಾಲ ಬಿತ್ತು, ಭಗ್ ಅಂತ ಹತ್ತಿತು.”

ಅಪ್ಪ ಹೇಳಿದ್ದು ಇಷ್ಟೇ: “ಅದು ಹಂಗ ಹತ್ತಂಗಿಲ್ರಿ.”

ಅವನಿಗೆ ಹೆಚ್ಚು ಮಾತು ಬರುವುದಿಲ್ಲ. ನನಗೂ ಅವನಿಂದಲೇ ಬಂದದ್ದು ಅದು. ಅಪ್ಪ ಸುಟ್ಟ ಕೈಯನ್ನೇ ಚಾಚಿ ಭಂಡಾರ ಮುಟ್ಟಿದ. ನಮ್ಮಲ್ಲಿ ಮಲ್ಲಯ್ಯನ ಭಂಡಾರ, ಆ ಅರಿಷಿಣ, ಮುಟ್ಟಿ ಆಣೆ ಮಾಡಿದ ಮೇಲೆ ಮಾತು ಮುಗಿಯಬೇಕು. ಅಂದು ಮುಗಿಯಲಿಲ್ಲ. “ಕೈ ಸುಟ್ಟಾವ ನೋಡ್ರಿ, ಬೆಂಕಿ ಇಂವಂದ” ಅಂದ ಮುರಗೆಪ್ಪ. ದಾದಾಸಾಹೇಬನಿಗೆ ಭಂಡಾರ ಮುಟ್ಟು ಅಂತ ಯಾರೂ ಹೇಳಲಿಲ್ಲ. ದೊಡ್ಡವರ ಮಾತಿಗೆ ಅರಿಷಿಣ ಹಚ್ಚುವ ರೂಢಿ ಇಲ್ಲವೇನೋ.

ಅಪ್ಪನ ಚಕಮಕಿಯ ಚೀಲವನ್ನು ಕಸಿದು ಗುಡಿಯ ಗೋಡೆಯ ಮೊಳೆಗೆ ತೂಗುಹಾಕಿದರು. ಊರ ಸೀಮೆಯಲ್ಲಿ ಯಾರ ಹೊಲದಲ್ಲೂ ಮಲಕಾರಿಯ ಕುರಿ ತರುಬಬಾರದು ಅಂತ ಹೇಳಿದರು. ಬೆಳೆ ತೆಗೆದ ಹೊಲದಲ್ಲಿ ಕುರಿ ತರುಬಿ, ಅಂದರೆ ರಾತ್ರಿ ಕೂಡಿಹಾಕಿ, ಗೊಬ್ಬರ ಬೀಳಿಸಿ, ಕಾಳು ತಂದೇ ನಾವು ಉಂಡದ್ದು. ಈಗ ಅಪ್ಪ ಕುರಿ ಹೊಡೆದುಕೊಂಡು ರಾಯಬಾಗದ ಆಚೆ ಹೊಳೆದಂಡೆಯಲ್ಲಿ ಅಲೆಯುತ್ತಾನೆ. ಖಾಲಿ ಚಿಲಿಮೆಯನ್ನು ಬಾಯಿಗಿಟ್ಟುಕೊಂಡು ಕೂರುತ್ತಾನೆ. ನಾನು ಮಾಮಾನ ಅಂಗಡಿಯಿಂದ ಒಂದು ಗ್ಯಾಸ್ ಲೈಟರ್ ಒಯ್ದು ಕೊಟ್ಟಿದ್ದೆ. ತಿರುವಿ ನೋಡಿ ಮರಳಿ ಕೊಟ್ಟ. “ನಂದ ಬರಲಿ” ಅಂದ.

ಎರಡು ತಿಂಗಳಾಯಿತು. ಆ ಎರಡು ತಿಂಗಳು ನಾನು ದಿನಕ್ಕೆ ಎಷ್ಟೋ ಲೈಟರಿಗೆ ಗ್ಯಾಸ್ ತುಂಬಿದೆ, ಕಲ್ಲು ಹಾಕಿದೆ, ಬತ್ತಿ ಬದಲಿಸಿದೆ. ಒಂದೊಂದಕ್ಕೂ ಚಕ್ರ ತಿರುವಿ ಉರಿ ನೋಡುವಾಗ ಅದರ ಹಿಂದೆ ದಾದಾಸಾಹೇಬನ ಮೀಸೆ ಇಟ್ಟು ನೋಡುತ್ತಿದ್ದೆ.

ಈಗ ಅವನ ಲೈಟರೇ ನನ್ನ ಕೈಯಲ್ಲಿತ್ತು. ಮುಚ್ಚಳ ತೆರೆದ ಸ್ಥಿತಿಯಲ್ಲೇ ಬಿಜಾಗರಿ ಸುಟ್ಟು ಬಿಗಿದಿತ್ತು. ಅಂದರೆ ಅದು ಬಿದ್ದಾಗ ಉರಿಯುತ್ತಿತ್ತು. ಬೆಂಕಿ ಆರಿದ ಮೇಲೆ ಬೂದಿಯಲ್ಲಿ ಹುಡುಕಿ ಎತ್ತಿಕೊಂಡಿದ್ದಾನೆ. ಅಂದರೆ ಗುಡಿಯ ಮುಂದೆ ಎದ್ದು ನಿಂತಾಗ ಅವನಿಗೆ ಎಲ್ಲ ಗೊತ್ತಿತ್ತು. ಊರು ತಣ್ಣಗಾಗಲಿ ಅಂತ ಎರಡು ತಿಂಗಳು ಮುಚ್ಚಿಟ್ಟು, ಚಿಕ್ಕೋಡಿಯಲ್ಲಿ ಅಂಗಡಿ ಇದ್ದರೂ ಇಷ್ಟು ದೂರ ತಂದಿದ್ದಾನೆ.

ಮಧ್ಯಾಹ್ನ ಅವನು ಮತ್ತೆ ಬಂದ.

“ಏನ್ ಭೀಮಸಿ, ಎದ್ದಿತೇನ ನನ್ನ ಕುದುರಿ?”

“ಬಿಜಾಗರಿ ಬಿಗದೈತ್ರಿ ಸಾಹೇಬ್ರ. ಬಿಡಸಾಕತ್ತೇವಿ,” ಅಂದ ಮಾಮಾ. ಅಕ್ಕನ ಗಂಡನನ್ನು ಊರ ಮುಂದೆ ನಿಲ್ಲಿಸಿದವನಿಗೆ ಸ್ಟೂಲ್ ಒರೆಸಿ ಕೊಟ್ಟ. ಮಾಮಾನಿಗೆ ಗಿರಾಕಿ ಅಂದರೆ ಗಿರಾಕಿ. “ಒಲ್ಯಾಗ ಹೆಂಗ ಬಿತ್ರಿ?”

“ಅರೇ, ಮನ್ಯಾಗಿನ ಹೆಣ್ಣಮಕ್ಕಳು! ಕಸದ ಕೂಡ ಉಡುಗಿ ಒಲಿಗೆ ಹಾಕಿಬಿಟ್ರು. ಈಗ ಅಲ್ಲೀತನಾ ಬ್ಯಾರೆ ಒಂದ ಕೊಡು ಮಾರಾಯಾ. ಕಡ್ಡಿ ಗೀರಿ ಪೈಪ್ ಸೇದೂದಂದ್ರ ಧೋತರದ ಮ್ಯಾಲ ಟೈ ಕಟ್ಟಿದಂಗ ಆಗತೈತಿ.”

ಮಾಮಾ ನಕ್ಕ. “ಎಷ್ಟಂದ್ರೂ ಅದೂ ಚಿಲಿಮೀನ ಅಲ್ಲೇನ್ರಿ. ಡೊಂಕ ಚಿಲಿಮಿ. ಅನುಸೂಯಾ, ಸಾಹೇಬ್ರಿಗೆ ಪೈಪಿಗೆ ಹೊಂದೂವಂಥಾವ ತೋರಸು. ಲೈಟರಿಂದು ನನಗಿಂತ ಈಕಿಗೆ ಹೆಚ್ಚ ಗೊತ್ತೈತ್ರಿ.”

“ಯಾರೀ ಪೋರಿ?”

“ನಮ್ಮ ಅಕ್ಕನ ಮಗಳ್ರಿ.”

ಯಾವ ಅಕ್ಕ, ಯಾರ ಮಗಳು ಅಂತ ಅವನು ಕೇಳಲಿಲ್ಲ. ನನ್ನ ಮುಖ ನೋಡಲಿಲ್ಲ, ಕೈ ನೋಡಿದ.

ನಾನು ಮೂರು ಲೈಟರ್ ತೆಗೆದು ಗಾಜಿನ ಮೇಲಿಟ್ಟೆ. ಒಂದು ಸಾದಾ ಗ್ಯಾಸಿನದು. ಅದರ ಉರಿ ಮೇಲಕ್ಕೇ ಏಳುವುದರಿಂದ ಪೈಪಿನ ಮೇಲೆ ಬಗ್ಗಿಸಿದರೆ ಹೆಬ್ಬೆರಳು ಸುಡುತ್ತದೆ. ಎರಡನೆಯದು ಉರಿ ಪಕ್ಕಕ್ಕೆ ಬಾಗುವಂಥದ್ದು, ಪೈಪಿಗಾಗಿಯೇ ಮಾಡಿದ್ದು. ಮೆತ್ತಗಿನ ಹಳದಿ ಉರಿ, ತಂಬಾಕನ್ನು ನೆಕ್ಕಿದ ಹಾಗೆ ಹತ್ತಿಸುತ್ತದೆ. ಮೂರನೆಯದು ಸುಂಯ್ ಅಂತ ನೀಲಿ ಉರಿ ಉಗುಳುವ ಜೆಟ್. ಬೆಸುಗೆ ಹಾಕುವವರ ಉರಿಯ ಮರಿ ಅದು. ಪೈಪಿನ ಕಟ್ಟಿಗೆಗೆ ಅದು ವಿಷ. ನಾಲ್ಕು ಸಲ ಹಿಡಿದರೆ ಬಾಯಂಚು ಕಮರುತ್ತದೆ, ತಂಬಾಕು ಕಹಿಯಾಗುತ್ತದೆ.

“ಯಾವದ ಚಲೋ?” ಅಂದ.

ಕೈ ಎರಡನೆಯದರ ಕಡೆ ಹೋಗುತ್ತಿತ್ತು. ಕೈಗೆ ರೂಢಿ. ಅದನ್ನು ತಡೆದು ಮೂರನೆಯದನ್ನು ಮುಂದಕ್ಕೆ ಸರಿಸಿದೆ.

“ಇದ್ರಿ. ಎಂಥಾ ಗಾಳ್ಯಾಗೂ ಆರಂಗಿಲ್ಲ.”

“ವ್ಹಾ! ಹೊಲ್ದಾಗ ಹಿಂಗ ಬೇಕ ನೋಡು.” ಅಲ್ಲೇ ಪೈಪ್ ತೆಗೆದು ತಂಬಾಕು ತುಂಬಿದ, ಮೂರು ಚಿಟಿಕೆ, ಮೊದಲಿನದು ಸಡಿಲ, ಕೊನೆಯದು ಬಿಗಿ. ಜೆಟ್ ಹಿಡಿದ. ಸುಂಯ್ ಅಂತು. ಬಾಯಂಚಿನ ಹೊಳಪು ಒಂದು ಕಡೆ ಮಂಕಾದದ್ದು ನನಗೆ ಕಂಡಿತು. ಅವನಿಗೆ ಕಾಣಲಿಲ್ಲ.

“ಹಳೇದ ಯಾವಾಗ?”

“ಈಕಿ ರವಿವಾರ ನಿಮ್ಮ ಕಡೇನ ಬರ್ತಾಳ್ರಿ. ತಂದ ಕೊಡ್ತಾಳ,” ಅಂದ ಮಾಮಾ.

ಅವನು ಹೋದ ಮೇಲೆ ಮಾಮಾ ಭೂತಗನ್ನಡಿ ತೆಗೆದು ನನ್ನನ್ನು ನೋಡಿದ. “ಪೈಪಿಗೆ ಜೆಟ್ ಯಾಕ ಕೊಟ್ಟೆವಾ?” ನಾನು ಸೂಜಿಗೆ ಹೊಸ ಹತ್ತಿ ಸುತ್ತಿದೆ. ಅವನು “ಹೂಂ” ಅಂದು ಗಡಿಯಾರಕ್ಕೆ ಮರಳಿದ.

ಎರಡು ದಿನ ನನಗೆ ಆ ಸುಂಯ್ ಅನ್ನುವ ಸದ್ದು ನೆನೆದರೇ ಹಿತವೆನಿಸುತ್ತಿತ್ತು. ಮೂರನೇ ದಿನ ಹಿತ ಇಳಿಯಿತು. ಅವನ ಪೈಪಿನ ಬಾಯಿ ಸುಟ್ಟರೆ ಅಪ್ಪನ ಚೀಲ ಮೊಳೆಯಿಂದ ಇಳಿಯುವುದಿಲ್ಲ. ಅವನು ಕೊಲ್ಹಾಪುರದಿಂದ ಇನ್ನೊಂದು ಪೈಪ್ ತರಿಸುತ್ತಾನೆ, ಅಷ್ಟೆ. ಎಲ್ಲರೂ ಕೂಡಿದ ಜಾಗದಲ್ಲಿ ನನ್ನ ಅಪ್ಪನ ಬಾಯಿ ಮುಚ್ಚಿಸಿದ್ದ. ಅವನ ಬಾಯಿಯೂ ಅಲ್ಲೇ ಮುಚ್ಚಬೇಕು. ಆದರೆ ನಾನು ಐದು ಜನರ ಮುಂದೆ ನಿಂತು ನೀರು ಕೊಡಿ ಅಂತ ಕೇಳಿದವಳಲ್ಲ. ಶಾಲೆಯಲ್ಲಿ, ಏಳನೇ ಇಯತ್ತೆಯಲ್ಲೂ, ಗುರುಗಳು ಹೆಸರು ಕೂಗಿದರೂ ಬೆಂಚಿನ ಕೆಳಗೆ ಬಗ್ಗುತ್ತಿದ್ದೆ.

ಉಳಿದ ದಿನಗಳಲ್ಲಿ ಆ ಲೈಟರನ್ನು ನಾನು ರಿಪೇರಿ ಮಾಡಿದಷ್ಟು ಚೆನ್ನಾಗಿ ಇನ್ಯಾವುದನ್ನೂ ಮಾಡಿಲ್ಲ. ಹೊಸ ಹತ್ತಿ, ಹೊಸ ಬತ್ತಿ, ಹೊಸ ಕಲ್ಲು. ಕುದುರೆಯ ಮೈಯನ್ನು ಬೂದಿಯಿಂದ ಉಜ್ಜಿದೆ. ಗ್ಯಾಸ್ ಲೈಟರಿನಿಂದ ಹೆಬ್ಬೆರಳು ತೆಗೆದರೆ ಉರಿ ಆರುತ್ತದೆ. ಪೆಟ್ರೋಲಿನದು ಹಾಗಲ್ಲ. ಒಮ್ಮೆ ಹತ್ತಿದರೆ ಮುಚ್ಚಳ ಹಾಕುವತನಕ ಉರಿಯುತ್ತಲೇ ಇರುತ್ತದೆ, ಕೈಯಲ್ಲಿದ್ದರೂ, ಬದುವಿನ ಮೇಲಿಟ್ಟರೂ, ಕೆಳಗೆ ಬಿದ್ದರೂ. ಹತ್ತು ಸಲ ಬೀಳಿಸಿ ನೋಡಿದೆ. ಹತ್ತು ಸಲವೂ ಉರಿಯಿತು.

ರವಿವಾರ ಪೂಜೆ ಮುಗಿದು, ಊರಿನವರು ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಅಪ್ಪ ಯಾವಾಗಲೂ ರವಿವಾರ ಬಂದು ದೂರದ ಬೇವಿನ ಗಿಡದ ಬುಡದಿಂದಲೇ ಕೈ ಮುಗಿದು ಹೋಗುತ್ತಾನೆ. ಅಂದೂ ನಿಂತಿದ್ದ. ಅವ್ವ ದುಂಡವ್ವ ಅವನ ಪಕ್ಕದಲ್ಲಿದ್ದಳು. ನಾನು ಏನು ಮಾಡಲಿದ್ದೇನೆ ಅಂತ ಅವರಿಬ್ಬರಿಗೂ ಹೇಳಿರಲಿಲ್ಲ.

ದಾದಾಸಾಹೇಬ ಪೈಪಿನ ಬಾಯನ್ನು ಧೋತರದ ಚುಂಗಿನಿಂದ ತಿಕ್ಕುತ್ತಿದ್ದ. ಅಂಚಿನ ಸುತ್ತ ಕರ್ರಗೆ ಉಂಗುರ ಬಿದ್ದಿತ್ತು. “ಯಾಕೋ ವಾರದಿಂದ ತಂಬಾಕು ಕಹಿ ಹತ್ತಾಕತ್ತೈತಿ,” ಅನ್ನುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಕೈ ಚಾಚಿದ. ಲೈಟರ್ ಕೊಟ್ಟೆ. ಮುಚ್ಚಳ ತೆರೆದ, ಚಕ್ರ ತಿರುವಿದ, ಹಳದಿ ಉರಿ ಎದ್ದಿತು.

“ಅರೇ ವ್ಹಾ! ನೋಡ್ರೆಪಾ, ಸತ್ತ ಕುದುರಿ ಎಬ್ಬಿಸ್ಯಾಳ!”

“ಇದ ಎಲ್ಲಿ ಹೋಗಿತ್ರಿ ಸಾಹೇಬ್ರ?” ಮುರಗೆಪ್ಪ ಕಿಚಾಯಿಸಿದ. “ಎರಡ ತಿಂಗಳಿಂದ ಕಡ್ಡಿಪೆಟ್ಟಿಗಿ ಹಿಡಕೊಂಡ ತಿರಗಾಡಿದ್ರಿ. ಕುದುರಿ ಮಾರಿ ಕತ್ತೆ ಕೊಂಡಾರ ಅಂತ ನಾವ್ ಅನ್ನಾಕತ್ತಿದ್ದಿವಿ.”

ಎಲ್ಲರೂ ನಕ್ಕರು. “ಒಲ್ಯಾಗ ಬಿದ್ದಿತ್ತೋ,” ಅಂದ ದಾದಾಸಾಹೇಬ, ಅವನೂ ನಗುತ್ತ.

ಆ ನಗು ನಿಲ್ಲುವುದರೊಳಗೆ ಮಾತಾಡದಿದ್ದರೆ ಇನ್ನೆಂದೂ ಮಾತಾಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಪೂಜಾರಿ ಮಾಯಪ್ಪನ ಕಡೆ ತಿರುಗಿದೆ. “ಕಾಕಾ, ಆ ಚಕಮಕಿ ಚೀಲ ಒಂದ ಸಲ ಕೊಡ್ರಿ.”

“ಯಾಕವಾ, ಚಿಲಿಮಿ ಕಲತೀ ಏನ?” ಅಂದ ಒಬ್ಬ. ಮತ್ತೆ ನಗು. ಮಾಯಪ್ಪ ಕಾಕಾ ಮಾತ್ರ ನಗದೆ, ಬೇವಿನ ಗಿಡದ ಕಡೆ ಒಮ್ಮೆ ನೋಡಿ, ಚೀಲ ಇಳಿಸಿ ಕೊಟ್ಟ.

ಗುಡಿಯ ಹಿಂದಿನ ಬಣವೆಯಿಂದ ಒಂದು ತೆಕ್ಕೆ ರವದಿ ತಂದು ಅಂಗಳದಲ್ಲಿ ಹಾಕಿದೆ. ಚೀಲದೊಳಗಿಂದ ಕಲ್ಲು, ಉಕ್ಕು ತೆಗೆದು ಮುರಗೆಪ್ಪನ ಮುಂದೆ ಹಿಡಿದೆ.

“ಮುರಗೆಪ್ಪ ಮಾಮಾ, ನಿಮ್ಮ ಕಬ್ಬು ಸುಟ್ಟೈತಿ. ಇದರ ಕಿಡೀಲೆ ಈ ರವದಿ ಹಚ್ಚಿ ತೋರಸ್ರಿ.”

“ಏ, ಇದೇನ ಆಟ?” ಅಂದ ಅವನು. ಆದರೂ ಎದ್ದು ಬಂದ. ಮೊಣಕಾಲೂರಿ ಕುಟ್ಟಿದ. ಕಿಡಿ ಹಾರಿದವು, ರವದಿಯ ಮೇಲೆ ಬಿದ್ದವು, ಆರಿದವು. ಮತ್ತೆ ಕುಟ್ಟಿದ. ಬೆರಳಿಗೆ ಪೆಟ್ಟಾಗಿ ಚೀರಿದ.

“ತಾ ಇಲ್ಲೆ, ನಿನಗ ಕಬ್ಬು ಕಡ್ಯಾಕ ಅಷ್ಟ ಬರತೈತಿ,” ಅಂತ ಇನ್ನೊಬ್ಬ ಕಸಿದುಕೊಂಡ. ಅವನಿಂದಲೂ ಆಗಲಿಲ್ಲ. ಮೂರನೆಯವನು ರವದಿಯನ್ನು ಕೈಯಲ್ಲೇ ಹಿಡಿದು ಅದರ ಮೇಲೆ ಕುಟ್ಟಿದ. ಕಿಡಿ ಬೀಳುತ್ತಿತ್ತು, ಆರುತ್ತಿತ್ತು. ನಗು ಸಣ್ಣಗಾಯಿತು.

“ಹತ್ತಂಗಿಲ್ಲೋ ಅದು,” ಅಂದ ಮಾಯಪ್ಪ ಕಾಕಾ ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ. “ಸುಟ್ಟ ಅರಳೆ ಇಲ್ಲದ ಹತ್ತಂಗಿಲ್ಲ. ನಮ್ಮ ಅಪ್ಪನೂ ಅಂತಿದ್ದ. ಲೈಟರ್ ಬಂದ ಮ್ಯಾಲ ಮರತೇವಿ.”

“ರವದಿ ಹಸಿ ಐತಿ,” ಅಂದ ದಾದಾಸಾಹೇಬ.

ಮುರಗೆಪ್ಪ ಒಂದು ಹಿಡಿ ಎತ್ತಿ ಹಿಚುಕಿದ. ಹಪ್ಪಳದ ಹಾಗೆ ಪುಡಿಯಾಯಿತು.

“ಸಾಹೇಬ್ರ, ನಿಮ್ಮ ಲೈಟರ್ ಕೊಡ್ರಿ,” ಅಂದೆ.

ಅವನು ಅದನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ. ಮುರಗೆಪ್ಪ ಕೈ ಚಾಚಿ, “ಕೊಡ್ರಿ, ನೋಡೂಣು,” ಅಂದ. ಈ ಸಲ ಅವನ ದನಿಯಲ್ಲಿ ಕಿಚಾಯಿಸುವುದು ಇರಲಿಲ್ಲ. ಲೈಟರ್ ಅವನ ಕೈಗೆ ಬಂತು, ಅವನ ಕೈಯಿಂದ ನನ್ನ ಕೈಗೆ.

“ಬ್ಯಾಡ ಯವ್ವಾ,” ಅಂತ ಬೇವಿನ ಗಿಡದ ಕಡೆಯಿಂದ ಅಪ್ಪನ ದನಿ ಕೇಳಿತು. ನಾನು ತಿರುಗಲಿಲ್ಲ. ತಿರುಗಿದ್ದರೆ ನಿಲ್ಲಿಸಿಬಿಡುತ್ತಿದ್ದೆ.

ಚಕ್ರ ತಿರುವಿದೆ. ಉರಿ ಎದ್ದಿತು. ಮೊಣಕಾಲಿನ ಎತ್ತರದಲ್ಲಿ ಹಿಡಿದು ಬಿಟ್ಟೆ. ಕುದುರೆ ರವದಿಯೊಳಗೆ ಬಿತ್ತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಭಗ್ ಅಂತು. ದಾದಾಸಾಹೇಬ ಅಂದು ಬಾಯಲ್ಲಿ ಮಾಡಿ ತೋರಿಸಿದ್ದನಲ್ಲ, ಅದೇ ಸದ್ದು. ಮುಂದೆ ಕುಳಿತವರು ಹಿಂದೆ ಸರಿದರು. ತೆಕ್ಕೆಯಷ್ಟು ರವದಿ ಉರಿದು ಬೂದಿಯಾಗಲು ಬಹಳ ಹೊತ್ತು ಬೇಕಾಗಲಿಲ್ಲ. ಬೂದಿಯ ನಡುವೆ ಲೈಟರ್ ಕರ್ರಗೆ ಬಿದ್ದಿತ್ತು, ಬಾಯಿ ತೆರೆದುಕೊಂಡು, ಅವನು ಅಂಗಡಿಗೆ ತಂದಾಗ ಇದ್ದ ಹಾಗೆಯೇ.

ಕಾಗದ ಬಿಚ್ಚಿ ಆ ಚೂರನ್ನು ಮುರಗೆಪ್ಪನ ಅಂಗೈಯಲ್ಲಿಟ್ಟೆ. “ಇದರ ಬಿಜಾಗರ್ಯಾಗ ಸಿಕ್ಕಿತ್ರಿ.”

ಮುರಗೆಪ್ಪ ಅಂಚನ್ನು ಸವರಿ ನೋಡಿದ. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ.

“ಏ ಪೋರಿ!” ದಾದಾಸಾಹೇಬ ಎದ್ದು ನಿಂತ. “ಒಲ್ಯಾಗ ಬಿದ್ದಿತ್ತು ಅಂತ ಹೇಳಿದ್ನೆಲ್ಲ! ಒಲಿಗೂ ರವದೀನ ಹಾಕ್ತಾರ. ಯಾರ ಮನ್ಯಾಗ ಹಾಕಂಗಿಲ್ಲ ಹೇಳ್ರಿ? ಯಾರೀಕಿ? ಯಾರ ಮಗಳಿಕಿ?”

“ಮಲಕಾರಿ ಮಗಳ್ರಿ,” ಅಂದೆ.

ಅವನು ಆಗ ಮೊದಲ ಸಲ ನನ್ನ ಮುಖ ನೋಡಿದ.

ಒಲೆಯ ಮಾತು ಕೆಲವರಿಗೆ ಹಿಡಿಸಿತು. “ಅದೂ ಖರೇನ, ಒಲಿಗೆ ಹಾಕ್ತೀವಿ,” ಅಂತ ಹಿಂದಿನಿಂದ ಯಾರೋ ಗೊಣಗಿದರು. ಇನ್ನೊಬ್ಬರು ಹೂಂಗುಟ್ಟಿದರು. ಅಂದೂ ಹೀಗೇ ಆಗಿತ್ತು. ಒಬ್ಬರು ಗೊಣಗಿದ್ದು, ಇನ್ನೊಬ್ಬರು ಹೂಂ ಅಂದದ್ದು, ಅಪ್ಪನ ಚೀಲ ಮೊಳೆಗೆ ಏರಿದ್ದು.

ನಾನು ಗುಡಿಯ ಮೆಟ್ಟಿಲ ಮೇಲಿದ್ದ ಭಂಡಾರದ ತಟ್ಟೆ ಎತ್ತಿಕೊಂಡೆ. ಮಾಯಪ್ಪ ಕಾಕಾ ತಡೆಯಲಿಲ್ಲ. ಅಪ್ಪನ ಸುಟ್ಟ ಕೈಗೆ ಅರಿಷಿಣ ಹತ್ತಿ ಅವನು ಹಲ್ಲು ಕಚ್ಚಿದ್ದನ್ನು ನಾನು ಅಂದು ನಾಲ್ಕು ಮಾರು ದೂರದಿಂದ ನೋಡಿದ್ದೆ. ತಟ್ಟೆಯನ್ನು ದಾದಾಸಾಹೇಬನ ಎದೆಯ ಮುಂದೆ ಹಿಡಿದೆ.

“ಸಾಹೇಬ್ರ, ಒಲ್ಯಾಗ ಬಿದ್ದಿತ್ತು ಅಂತ ಭಂಡಾರ ಮುಟ್ಟಿ ಹೇಳ್ರಿ.”

ಅವನು ಮುರಗೆಪ್ಪನನ್ನು ನೋಡಿದ. ಮುರಗೆಪ್ಪ ಅವನ ಬಲಗೈ ನೋಡುತ್ತಿದ್ದ. ಆ ಕೈಯಲ್ಲಿ ಕರ್ರಗಿನ ಬಾಯಿಯ ಪೈಪ್ ಇತ್ತು. ಅದನ್ನು ಎಡಗೈಗೆ ಬದಲಿಸಿದ. ಬಲಗೈ ಖಾಲಿಯಾಯಿತು. ಎತ್ತಲಿಲ್ಲ. ಹಿಂದೆ ಗೊಣಗಿದವರೂ ಕತ್ತು ಚಾಚಿ ಆ ಕೈಯನ್ನೇ ನೋಡಿದರು. ಗಾಳಿಗೆ ರವದಿಯ ಬೂದಿ ಎದ್ದು ಎಲ್ಲರ ಕಾಲ ಮೇಲೆ ಬೀಳುತ್ತಿತ್ತು.

“ಮುಟ್ಟಿ ಹೇಳ್ರಿ,” ಅಂದೆ.